ತೊಗಲಿನ ಮೇಲಿನ ಕಥೆ, ಕಾಗದದ ಮೇಲಿನ ಹೆಸರು

(ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಲೆಯ ಜನರ ಸಭೆಗೆ ಬಯಲುಸೀಮೆಯವನೊಬ್ಬನನ್ನು ಮಾತಿಗೆ ಕರೆದಿದ್ದೀರಿ. ಕಾಡು, ಹೊಳೆ, ಬೆಟ್ಟಗಳ ವಿಷಯದಲ್ಲಿ ನಿಮಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ನಮ್ಮ ಕೊಪ್ಪಳ ಸೀಮೆಯ ಬೆಟ್ಟಗಳು ನಿಮ್ಮ ಕಣ್ಣಿಗೆ ಬೆಟ್ಟಗಳೆಂದು ತೋರುವುದೂ ಅನುಮಾನ. ಬಂಡೆಯ ಮೇಲೆ ಬಂಡೆ ಒಟ್ಟಿದ ರಾಶಿ, ಸಂದಿಗಳಲ್ಲಿ ಸೀತಾಫಲ, ಕಾರೆ, ಜಾಲಿ, ಗವಿಗಳಲ್ಲಿ ಕರಡಿ. ಅಂಥ ಸೀಮೆಯ ಒಬ್ಬ ಅಜ್ಜಿಯ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ. ಪರಿಸರದ ಸಭೆಯಲ್ಲಿ ಗೊಂಬೆಯಾಟದ ಅಜ್ಜಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ ಸ್ವಲ್ಪ ತಾಳ್ಮೆ ವಹಿಸಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಕೊಪ್ಪಳ ಅಕ್ಷರಗಳಿಗೆ ಬಡತನವಿಲ್ಲದ ನೆಲ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವಿದೆ. ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನ ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ಅರಸನಿಗೆ, ದಂಡನಾಯಕನಿಗೆ, ಬಸದಿಗೆ ದಾನ ಕೊಟ್ಟವರಿಗೆ ನಮ್ಮಲ್ಲಿ ಕಲ್ಲಿನ ಮೇಲೆ ಹೆಸರುಂಟು.

ಆದರೆ ಪಾಲ್ಕಿಗುಂಡಿನ ಮಾತನ್ನು ಒಮ್ಮೆ ಯೋಚಿಸಿ. ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಆ ಸೀಮೆಯಲ್ಲಿ ಶತಮಾನಗಟ್ಟಲೆ ಒಬ್ಬರೂ ಇರಲಿಲ್ಲ. ಬಂಡೆಯ ಮೇಲಿದ್ದ ಅಕ್ಷರ ಮೂಕವಾಗಿ ಕುಳಿತಿತ್ತು. ಬಂಡೆಯ ಮೇಲೆ ಚಪ್ಪಡಿ ಹೊತ್ತು ನಿಂತ ಆ ಆಕಾರವನ್ನು ಕಂಡು ಅದನ್ನು ಪಲ್ಲಕ್ಕಿಯ ಗುಂಡು ಎಂದು ಕರೆದ ದನಗಾಹಿಯ ಮಾತು ಮಾತ್ರ ಬಾಯಿಂದ ಬಾಯಿಗೆ ಬಂದು, ಕೊನೆಗೆ ಚಕ್ರವರ್ತಿಯ ಶಾಸನಕ್ಕೇ ಹೆಸರಾಯಿತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಂತೂ ಅಕ್ಷರವೇ ಇಲ್ಲ. ಕಬ್ಬಿಣದ ಯುಗದ ಜನ ತಮ್ಮ ಸತ್ತವರಿಗಾಗಿ ನಿಲ್ಲಿಸಿದ ನೂರಾರು ಕಲ್ಲುಮನೆಗಳಿವೆ; ಗವಿಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ; ಒಂದು ಎತ್ತರದ ಗುಂಡಿನ ಮೇಲೆ ನಗಾರಿಯ ಆಕಾರದ ಕಲ್ಲಿದ್ದು, ಬಡಿದರೆ ಅದರ ದನಿ ಬಹುದೂರ ಕೇಳುತ್ತದೆ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1835ರಲ್ಲಿ ಇವನ್ನು ಕಂಡು ಬರೆದ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಸುತ್ತಲ ಹಳ್ಳಿಗಳವರು ಮಾತ್ರ ಇವೆಲ್ಲಕ್ಕೂ ಮೊದಲಿನಿಂದಲೂ ಅದು ಮೋರೇರ ಬೆಟ್ಟವೆಂದೂ, ಅಲ್ಲಿ ಮೋರೇರೆಂಬ ಗಿಡ್ಡ ಜನ ಇದ್ದರೆಂದೂ ಹೇಳಿಕೊಂಡು ಬಂದಿದ್ದಾರೆ. ಬರೆದದ್ದು ಉಳಿಯುತ್ತದೆ, ಆಡಿದ್ದು ಅಳಿಯುತ್ತದೆ ಎಂದು ಶಾಲೆಯಲ್ಲಿ ಕಲಿತ ನಮಗೆ ನಮ್ಮದೇ ನೆಲ ಹೀಗೆ ಇನ್ನೊಂದು ಪಾಠವನ್ನೂ ಇಟ್ಟುಕೊಂಡಿದೆ.

ಇನ್ನು ಅಜ್ಜಿಯ ಮಾತು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಪದ್ಮಶ್ರೀ ಬಂದಿತು. ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಹದಿನಾಲ್ಕರ ಹರೆಯದಿಂದ ತೊಗಲುಗೊಂಬೆ ಆಡಿಸುತ್ತ ಬಂದವರು. ಎಪ್ಪತ್ತು ವರ್ಷಗಳಿಗೂ ಮೀರಿದ ದುಡಿಮೆ. ಹಲವು ಹೊರದೇಶಗಳಲ್ಲಿ ಆಟವಾಡಿ ಬಂದವರು. ಮನೆಯಲ್ಲಿ ಎರಡು ನೂರು ವರ್ಷ ಹಳೆಯವೆಂದು ಹೇಳುವ ಗೊಂಬೆಗಳಿವೆ. ಆದರೆ ಆ ಸುದ್ದಿಗಳಲ್ಲಿ ಪ್ರಶಸ್ತಿ ಎಷ್ಟು ದೊಡ್ಡದೆಂಬುದು ತಿಳಿಯಿತೇ ಹೊರತು ಆಕೆ ಕಾಯ್ದುಕೊಂಡು ಬಂದದ್ದು ಏನೆಂಬುದು ಅಷ್ಟಾಗಿ ತಿಳಿಯಲಿಲ್ಲ.

ಶಿಳ್ಳೇಕ್ಯಾತರು ಅಲೆಮಾರಿಗಳು. ಕಿಳ್ಳೇಕ್ಯಾತರೆಂದೂ ಕರೆಯುವುದುಂಟು, ಆಟದಲ್ಲಿ ಬರುವ ಕಪ್ಪು ಮೈಯ, ಕೆದರಿದ ಕೂದಲಿನ ನಗೆಗಾರನ ಹೆಸರೇ ಕುಲದ ಹೆಸರೂ ಆಗಿದೆ. ಅವನ ಜೊತೆಗಾತಿ ಬಂಗಾರಕ್ಕ. ಮನೆಯೊಳಗಿನ ನುಡಿ ಮರಾಠಿಯ ಒಂದು ಬಗೆ, ಆಟದ ನುಡಿ ಕನ್ನಡ. ಬೇಸಗೆಯ ರಾತ್ರಿಗಳಲ್ಲಿ ಗೊಂಬೆ, ಉಳಿದ ದಿನಗಳಲ್ಲಿ ಹೊಳೆ ಕೆರೆಗಳ ಮೀನು. ಭೀಮವ್ವನವರ ಬಾಲ್ಯದ ಕಾಲಕ್ಕೆ ಕೊಪ್ಪಳವು ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರು. ಕಚೇರಿಯ ಬರಹ ಉರ್ದು. ಊರೂರು ತಿರುಗುವ ಕುಟುಂಬದ ಹೆಣ್ಣುಮಗುವಿಗೆ ಶಾಲೆಯ ಬಾಗಿಲು ಎಲ್ಲಿತ್ತು! ಪರದೆಯ ಹಿಂದೆ ಕುಳಿತು ಹಾಡುವುದು ಆ ಕುಲದ ಹೆಂಗಸರಿಗೆ ಹೊಸತಲ್ಲ. ಗೊಂಬೆಯನ್ನು ಕೈಗೆತ್ತಿಕೊಂಡು ಆಟ ನಡೆಸುವ ಮುಂದಾಳುತನ ಮಾತ್ರ ಬಹುಮಟ್ಟಿಗೆ ಗಂಡಸರದು. ಅದನ್ನು ಈಕೆ ದಾಟಿದರು.

ಆಟದ ಗೊಂಬೆ ಹೇಗೆ ಹುಟ್ಟುತ್ತದೆಂಬುದನ್ನು ನೀವು ಬಲ್ಲಿರೋ ಇಲ್ಲವೋ. ಹಸಿ ತೊಗಲನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಬಿಗಿದು ಒಣಗಿಸುತ್ತಾರೆ. ಮೇಲೆ ಗೆರೆ ಎಳೆದು, ಸಣ್ಣ ಉಳಿಗಳಿಂದ ತೂತು ಕೊರೆದು ಒಡವೆ ವಸ್ತ್ರಗಳನ್ನು ಮೂಡಿಸಿ, ಎರಡೂ ಮಗ್ಗುಲಿಗೆ ಬಣ್ಣ ಕೊಡುತ್ತಾರೆ. ಸೀಳಿದ ಬಿದಿರು ಕಡ್ಡಿಯ ನಡುವೆ ಗೊಂಬೆಯನ್ನು ಸಿಕ್ಕಿಸಿದರೆ ಅದು ನಿಂತಿತು. ಹಿಂದೆ ಜಿಂಕೆಯ ತೊಗಲೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಕಾಯಿದೆಯ ತರುವಾಯ ಆಡು ಕುರಿಗಳ ತೊಗಲೇ ಗತಿ. ಆ ಕಾಯಿದೆಯ ಪರವಾಗಿ ನಾನೂ ನೀವೂ ಕೂಗಿದವರು, ಈಗಲೂ ಕೂಗುತ್ತೇವೆ. ಅದರ ಒಂದು ಅಂಚು ಈ ಬಡವರ ಪೆಟ್ಟಿಗೆಯನ್ನೂ ಮುಟ್ಟಿತೆಂಬುದು ನಮ್ಮ ನೆನಪಿನಲ್ಲಿದ್ದರೆ ಒಳ್ಳೆಯದು.

ನಮ್ಮ ನಾಡಿನ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವುಂಟು. ಒಂದೇ ತೊಗಲಿನಲ್ಲಿ ಇಡೀ ನೋಟವನ್ನು ಕೆತ್ತಿದವು ಹಲವಿವೆ. ಸಿಂಹಾಸನ, ಅದರ ಮೇಲೆ ಅರಸ, ಪಕ್ಕದಲ್ಲಿ ರಾಣಿ. ಅಥವಾ ಒಂದು ಮರ, ಅದರ ಕೊಂಬೆಗಳಲ್ಲಿ ಕೋತಿ ಹಕ್ಕಿಗಳು. ಅಶೋಕವನವೆಂದರೆ ಪರದೆಯ ಮೇಲೆ ನಿಜಕ್ಕೂ ಒಂದು ವನವೇ ಏಳುತ್ತದೆ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಹುಡುಗನಾಗಿದ್ದಾಗ ನಾನು ನೋಡಿದ ಮೊದಲ ದಟ್ಟಡವಿ ಹರಳೆಣ್ಣೆಯ ದೀಪದ ಬೆಳಕಿನಲ್ಲಿ ಕಂಡದ್ದು. ಹೊರಗೆ ಎರೆಹೊಲ, ಕಣ್ಣು ಹರಿಯುವಷ್ಟು ದೂರಕ್ಕೂ ಮರವಿಲ್ಲ. ನಡುರಾತ್ರಿಯಲ್ಲಿ ನಾವು ಕೆಲವು ಹುಡುಗರು ಪರದೆಯ ಹಿಂದೆ ನುಸುಳಿ ನೋಡಿದೆವು. ಹೆಂಗಸೊಬ್ಬಳು ತೊಡೆಯ ಮೇಲೆ ಮಲಗಿದ ಕೂಸನ್ನು ತಟ್ಟುತ್ತ ಸೀತೆಯ ದುಃಖವನ್ನು ಹಾಡುತ್ತಿದ್ದಳು. ಕೂಸು ಎಚ್ಚರವಾಗಿಯೇ ಇತ್ತು, ಕಣ್ಣು ಗೊಂಬೆಗಳ ಮೇಲಿತ್ತು. ಆ ವಿದ್ಯೆಗೆ ಪಾಠಶಾಲೆ ಎಲ್ಲಿದೆಯೆಂದು ಆಮೇಲೆ ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಕೂಸೇ ನೆನಪಾಗುತ್ತದೆ.

ಕಥೆಗಳು ರಾಮಾಯಣದವು, ಭಾರತದವು, ಎಲ್ಲರೂ ಬಲ್ಲವು. ಆದರೆ ಯಾವ ಪ್ರಸಂಗವನ್ನು ಎಲ್ಲಿ ಹಿಗ್ಗಿಸಬೇಕು, ಕಿಳ್ಳೇಕ್ಯಾತ ಎಲ್ಲಿ ನುಗ್ಗಿ ಊರ ಗೌಡನನ್ನು ಹಾಸ್ಯ ಮಾಡಬೇಕು, ಯಾವ ಊರಿನಲ್ಲಿ ಯಾವ ದೇವತೆಯ ಹೆಸರನ್ನು ಮೊದಲು ಎತ್ತಬೇಕು, ಈ ಗೊಂಬೆಯನ್ನು ಕೊರೆದ ಮುತ್ತಜ್ಜ ಯಾರು, ಯಾವ ಬರಗಾಲದಲ್ಲಿ ಯಾವ ಕೆರೆಯ ಬಳಿ ಬಿಡಾರ ಹೂಡಿದ್ದರು, ಇವು ಆಯಾ ಮನೆಯ ಸೊತ್ತು. ಯಾವ ಮಹಾಕಾವ್ಯದಲ್ಲೂ ಇವು ಬರೆದಿಲ್ಲ. ಭೀಮವ್ವನವರಂಥ ಹಿರಿಯರು ಹೊತ್ತಿರುವುದು ಈ ಎರಡನೆಯ ಗಂಟನ್ನು. ಮೊದಲನೆಯದು ಹೋದರೆ ಗದುಗಿನ ನಾರಣಪ್ಪನಲ್ಲಿ ಸಿಕ್ಕೀತು. ಎರಡನೆಯದು ಹೋದರೆ ಹೋಯಿತು.

ಈಗ ನಮ್ಮ ನಿಮ್ಮ ವಿಷಯಕ್ಕೆ ಬರುತ್ತೇನೆ. ಬಯಲುನಾಡಿನಲ್ಲಿ ತೊಗಲುಗೊಂಬೆ ಬರಿಯ ಮನರಂಜನೆಯಲ್ಲ. ಮಳೆ ಹೋದಾಗ ಊರವರು ವಂತಿಗೆ ಎತ್ತಿ ಆಟ ಹಚ್ಚಿಸುತ್ತಿದ್ದರು. ದನಗಳಿಗೆ ಬೇನೆ ಬಂದಾಗಲೂ ಹಚ್ಚಿಸುತ್ತಿದ್ದರು. ವಿರಾಟಪರ್ವ ಆಡಿದರೆ ಮಳೆ ಬರುತ್ತದೆಂಬ ನಂಬಿಕೆ. ಮಳೆ ಬಂದಿತೋ ಎಂದು ಕೇಳಬೇಡಿ. ಬರದ ವರ್ಷದಲ್ಲಿ ಒಂದು ಊರು ಒಂದು ರಾತ್ರಿ ಒಟ್ಟಿಗೆ ಕುಳಿತು ಎಚ್ಚರವಿರುತ್ತಿತ್ತು, ಮತ್ತು ಆ ಬರದ ವರ್ಷದಲ್ಲಿಯೇ ಶಿಳ್ಳೇಕ್ಯಾತರ ಒಲೆಯ ಮೇಲೆ ಜೋಳ ಬೇಯುತ್ತಿತ್ತು. ಊರಿನ ಸಂಕಟಕ್ಕೂ ಅಲೆಮಾರಿಯ ಅನ್ನಕ್ಕೂ ಇದ್ದ ಈ ಸಂಬಂಧವನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿದಂತಿಲ್ಲ. 1953ರ ಹೊತ್ತಿಗೆ ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನೆಚ್ಚಿಕೊಂಡು ಉಳಿದವು. ಕಾಲುವೆಯ ನೀರು ಬಂದ ಊರಿಗೆ ಮಳೆಯನ್ನು ಕರೆಯುವ ಆಟ ಏಕೆ ಬೇಕು? ಎರಡು ಬೆಳೆಯ ಗದ್ದೆಯಲ್ಲಿ ಪರದೆ ಹೂಡಲು ಒಣ ನೆಲವಾದರೂ ಎಲ್ಲಿ? ಇದು ನನ್ನ ಅನುಮಾನವೇ ಹೊರತು ಯಾರೂ ಅಳೆದು ಹೇಳಿದ ಸಂಗತಿಯಲ್ಲ. ಆದರೂ ಕಲೆ ಅಳಿಯಲು ಟಿ.ವಿ. ಒಂದೇ ಕಾರಣವೆಂಬ ಮಾತು ಕೇಳಿದಾಗ ನನಗೆ ಕಾಲುವೆಯೂ ಕಾಣಿಸುತ್ತದೆ. ಕಲ್ಲಿನ ಗಣಿಗಳು ಕೊರೆದ ಬೆಟ್ಟಗಳೂ, ಕೊಪ್ಪಳದ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ಹೊಗೆಯೂ ಕಾಣಿಸುತ್ತವೆ. ಊರಿಗೆ ಅಂಟಿಕೊಂಡೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಗವಿಮಠದ ಸ್ವಾಮಿಗಳೂ ಬೀದಿಗಿಳಿದರು. ಕೊಪ್ಪಳ ಅಂಥ ಜನಸಾಗರವನ್ನು ಕಂಡದ್ದು ಕಡಿಮೆ. ಅದೇ ವರ್ಷದ ಜನವರಿಯಲ್ಲಿ ಭೀಮವ್ವನವರ ಪ್ರಶಸ್ತಿ ಪ್ರಕಟವಾಗಿತ್ತು. ಎರಡೂ ಸುದ್ದಿಗಳು ಒಂದೇ ಜಿಲ್ಲೆಯ ಪುಟದಲ್ಲಿ ಬಂದವು; ಎರಡನ್ನೂ ಕೂಡಿಸಿ ಓದಿದವರು ಎಷ್ಟು ಜನವೋ.

ಹಾಗಾದರೆ ಏನು ಮಾಡಬೇಕು? ಬರೆದಿಡಬೇಕು ಎಂದು ತಟ್ಟನೆ ಹೇಳುತ್ತೇವೆ. ಬರೆದಿಟ್ಟ ಒಂದು ದೊಡ್ಡ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ತುಂಗಭದ್ರೆಯ ಆಚೆ, ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುಡ್ಗಜಂಗಮರ ಹೆಣ್ಣುಮಗಳು. ಅಕ್ಷರ ಬಾರದ ಆಕೆಯ ನಾಲಗೆಯ ಮೇಲೆ ಹನ್ನೆರಡು ಬುರ್ರಕಥೆಯ ಕಾವ್ಯಗಳಿದ್ದವು. ಎರಡು ಲಕ್ಷ ಪದಗಳು, ಏಳು ಸಾವಿರ ಪುಟಗಳಷ್ಟು ಎಂದು ವಿದ್ವಾಂಸರು ಲೆಕ್ಕಹಾಕಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಕೇಳಿ, ಧ್ವನಿ ಹಿಡಿದು, ಅಚ್ಚು ಹಾಕಿಸಿದರು. 2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡಾಗ ಆ ಕಾವ್ಯಗಳು ಆಕೆಯೊಂದಿಗೆ ಮಣ್ಣಾಗಲಿಲ್ಲ. ಇದು ಸಣ್ಣ ಉಪಕಾರವಲ್ಲ. ಆಕೆ ಹಾಡಿದವುಗಳಲ್ಲಿ ಕುಮಾರರಾಮನ ಕಥೆಯೂ ಒಂದು. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದಲ್ಲಿದ್ದು, ದಿಲ್ಲಿಯ ಸೈನ್ಯದೊಡನೆ ಕಾದಿ ಬಿದ್ದ ಆ ವೀರನ ಮರದ ಮುಖಗಳನ್ನು ಪೂಜಿಸುವ ಊರುಗಳು ನಿಮ್ಮ ಮಲೆನಾಡಿನಲ್ಲೂ ಇವೆ. ನಮ್ಮ ಬೆಟ್ಟಕ್ಕೂ ನಿಮ್ಮ ಕಾಡಿಗೂ ನಡುವೆ ಯಾರು ಆ ಕಥೆಯನ್ನು ಹೊತ್ತು ತಂದರು? ಹಾಡಿಕೊಂಡು ಅಲೆದವರ ಕಾಲುಗಳ ಪಾಲು ಅದರಲ್ಲಿ ಇದ್ದೇ ಇದೆ.

ಆದರೆ ಬರೆದಿಡುವುದರಲ್ಲಿ ಎರಡು ಮಾತುಗಳಿವೆ. ಕಣಜದಲ್ಲಿಟ್ಟ ಬೀಜ, ಹೊಲದಲ್ಲಿರುವ ಬೀಜ ಇವೆರಡರ ಭೇದವನ್ನು ನಾಡಬತ್ತದ ತಳಿಗಳನ್ನು ಕಾಯುತ್ತಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ. ತಂಪುಪೆಟ್ಟಿಗೆಯಲ್ಲಿರುವ ಭತ್ತ ಸಾಯುವುದಿಲ್ಲ, ಆದರೆ ಈ ವರ್ಷದ ಮಳೆಯನ್ನು ಅದು ಅರಿಯದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿದ ತೊಗಲುಗೊಂಬೆಗಳ ಅಮೂಲ್ಯ ಸಂಗ್ರಹವಿದೆ. ಅವು ಅಲ್ಲಿ ಸೇರದಿದ್ದರೆ ಹಲವು ನಾಶವಾಗುತ್ತಿದ್ದವು. ಶಿಳ್ಳೇಕ್ಯಾತರ ಪದ್ಧತಿಯಲ್ಲಿಯಾದರೋ ಹರಿದು ಆಡಲಾಗದ ಗೊಂಬೆಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ಮುದಿಯಾದ ಗೊಂಬೆಗೂ ಒಂದು ಸಂಸ್ಕಾರ. ಅದರ ಜಾಗಕ್ಕೆ ಮೊಮ್ಮಗ ಹೊಸದನ್ನು ಕೊರೆಯಬೇಕು, ಕೊರೆಯುತ್ತ ಕಲಿಯಬೇಕು. ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಹೊಸ ಗೊಂಬೆ ಕೊರೆಯುವ ಕೈಗಳು ಕಡಿಮೆಯಾದಾಗ ಹಳೆಯದನ್ನು ನೀರಿಗೆ ಬಿಡಲು ಮನಸ್ಸು ಬಾರದು. ಗಾಜಿನ ಹಿಂದೆ ನಿಂತ ಸೀತೆಯನ್ನು ನೋಡಿದಾಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಎರಡನೆಯ ಮಾತು ಹೆಸರಿನದು. ಇದಕ್ಕೆ ದೂರದ ಆಸ್ಟ್ರೇಲಿಯಾದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅಲ್ಲಿನ ಮೂಲನಿವಾಸಿಗಳಲ್ಲಿ ಙರಿಂಜೆರಿ ಎಂಬ ಜನವಿಭಾಗಕ್ಕೆ ಸೇರಿದ ಡೇವಿಡ್ ಯುನೈಪಾನ್ 1872ರಲ್ಲಿ ಹುಟ್ಟಿದವರು. ಓದು ಬರಹ ಕಲಿತು, ತಮ್ಮ ಹಿರಿಯರ ಕಥೆಗಳನ್ನು 1920ರ ದಶಕದಲ್ಲಿ ಊರೂರು ತಿರುಗಿ ಕೂಡಿಸಿ ತಾವೇ ಇಂಗ್ಲಿಷಿನಲ್ಲಿ ಬರೆದರು. (ಕುರಿಯ ಉಣ್ಣೆ ಕತ್ತರಿಸುವ ಸಾಧನವನ್ನು ಸುಧಾರಿಸಿದವರೂ ಇವರೇ, ನಮ್ಮ ಕುಷ್ಟಗಿಯ ಕುರಿಗಾರರು ಕೇಳಿದರೆ ಮೆಚ್ಚಿಯಾರು.) ಪ್ರಕಾಶಕರು ಆ ಹಸ್ತಪ್ರತಿಯ ಹಕ್ಕನ್ನು ರಾಮ್ಸೇ ಸ್ಮಿತ್ ಎಂಬ ವೈದ್ಯನಿಗೆ ಮಾರಿದರು. 1930ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಬಂದಾಗ ಮುಖಪುಟದ ಮೇಲೆ ಇದ್ದದ್ದು ವೈದ್ಯನ ಹೆಸರು. ಯುನೈಪಾನರ ಹೆಸರು ಕರ್ತೃವಿನ ಜಾಗದಲ್ಲಿ ಎಲ್ಲಿಯೂ ಇರಲಿಲ್ಲ. 1967ರಲ್ಲಿ ಅವರು ತೀರಿಕೊಂಡರು. 1995ರಲ್ಲಿ ಆ ದೇಶ ಅವರ ಮುಖವನ್ನು ಐವತ್ತು ಡಾಲರಿನ ನೋಟಿನ ಮೇಲೆ ಅಚ್ಚು ಮಾಡಿತು. ಪುಸ್ತಕ ಅವರದೇ ಹೆಸರಿನಲ್ಲಿ ಬಂದದ್ದು ಅದಕ್ಕೂ ತಡವಾಗಿ, 2001ರಲ್ಲಿ. ನೋಟಿನ ಮೇಲಿನ ಮುಖಕ್ಕಿಂತ ಪುಸ್ತಕದ ಮೇಲಿನ ಹೆಸರು ಕೊಡುವುದು ಕಷ್ಟವಾಯಿತೆಂದರೆ ವಿಚಿತ್ರವಲ್ಲವೇ.

ನಾವೇನೂ ಬೇರೆಯವರಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ ಮೇಲೆ ದೇಶದಾದ್ಯಂತ ಆ ದಾಖಲೆಗಳು ಎಂಥ ಅವಸರದಲ್ಲಿ ಮುಗಿದವೆಂದು ನಿಮಗೆ ಗೊತ್ತು. ಗಿಡದ ಗುಣ ಹೇಳಿದ ಅಜ್ಜಿ ತಾನು ಹೇಳಿದ್ದು ಯಾವ ಪುಟದಲ್ಲಿ ಯಾವ ರೂಪದಲ್ಲಿ ಕುಳಿತಿದೆಯೆಂದು ನೋಡಿದ್ದಾಳೆಯೇ? ನಾನೂ ಒಮ್ಮೆ ಹೀಗೆ ತಪ್ಪಿದವನು. ಬಹಳ ಹಿಂದೆ ಒಂದು ಅಲೆಮಾರಿ ಕುಟುಂಬದ ಹಿರಿಯರಿಂದ ಕಥೆಗಳನ್ನು ಕೇಳಿ ಬರೆದುಕೊಂಡು ಬಂದು, ಲೇಖನ ಮಾಡಿ, ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದೆ. ಅವರ ಹೆಸರನ್ನು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಸ್ಮರಿಸಿದ್ದೆ. ಪತ್ರಿಕೆಯ ಪ್ರತಿ ಒಯ್ದು ಕೊಟ್ಟಾಗ ಅವರ ಮೊಮ್ಮಗಳು, ಆರನೆಯ ಇಯತ್ತೆಯ ಹುಡುಗಿ, ಓದಿ ಹೇಳಿದಳು: “ಯಜ್ಜಾ, ಇದರಾಗ ನೀ ಎಲ್ಲೂ ಇಲ್ಲಲ್ಲೋ.” ಅಜ್ಜ ನಕ್ಕರು. ನಾನು ನಗಲಿಲ್ಲ.

ಆ ಹುಡುಗಿಯ ಮಾತಿನಲ್ಲಿಯೇ ದಾರಿಯೂ ಇದೆಯೆಂದು ಈಚೆಗೆ ತೋರುತ್ತಿದೆ. ಅಜ್ಜಿಗೆ ಬರೆಯಲು ಬಾರದಿದ್ದರೆ ಮೊಮ್ಮಗಳಿಗೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಕೈಕಾಡಿ ಕುಲದ ಲಕ್ಷ್ಮಣ ಮಾನೆ 1980ರಲ್ಲಿ ‘ಉಪರಾ’ ಬರೆದಾಗ ಅಲೆಮಾರಿಯ ಬದುಕು ಮೊದಲ ಬಾರಿಗೆ ಅಲೆಮಾರಿಯದೇ ಕೈಯಿಂದ ಅಷ್ಟು ನೇರವಾಗಿ ಬಂದಿತು. ನಮ್ಮ ಕೊಪ್ಪಳ ಸೀಮೆಯಲ್ಲಿ ಈಗ ಅಲೆಮಾರಿ ಮನೆಗಳ ಮಕ್ಕಳು ಶಾಲೆ ಕಾಲೇಜುಗಳಲ್ಲಿದ್ದಾರೆ. ಹೊರಗಿನಿಂದ ಹೋಗುವ ನಾವು ಧ್ವನಿಯಂತ್ರ ಹಿಡಿದು ಅವರ ಜಗುಲಿಯಲ್ಲಿ ಕೂರುವ ಬದಲು, ಒಂದು ದಪ್ಪ ನೋಟುಬುಕ್ಕನ್ನೂ ಒಂದಿಷ್ಟು ಪೆನ್ನುಗಳನ್ನೂ ಆ ಮಕ್ಕಳಿಗೆ ಕೊಟ್ಟು ಎದ್ದುಬರಬಹುದು. ಯಾವುದನ್ನು ಬರೆಯಬೇಕು, ಯಾವುದನ್ನು ಹೊರಗಿನವರಿಗೆ ಹೇಳಬಾರದು ಎಂಬುದನ್ನು ಮನೆಯ ಹಿರಿಯರೇ ನಿರ್ಧರಿಸಲಿ. ಕಾಗುಣಿತ ತಪ್ಪಿದರೆ ತಪ್ಪಲಿ. ಮನೆಯ ನುಡಿಯನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅದೂ ಆದೀತು.

ನಿಮ್ಮಲ್ಲಿಯೂ ಈ ಕೆಲಸಕ್ಕೆ ಹೊತ್ತು ಮೀರುತ್ತಿದೆ. ಹಾಲಕ್ಕಿಗಳ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿ 13ರಂದು ಅಂಕೋಲೆಯ ಬಡಗೇರಿಯಲ್ಲಿ ತೀರಿಕೊಂಡರು. ಸಾವಿರಾರು ಹಾಡುಗಳ ಅಜ್ಜಿ, ಸಾರಾಯಿಯ ವಿರುದ್ಧ ಹೋರಾಡಿದ ಅಜ್ಜಿ. ಅವರ ಹಾಡುಗಳಲ್ಲಿ ಎಷ್ಟು ಕಾಗದದ ಮೇಲಿವೆ, ಎಷ್ಟು ಹಾಲಕ್ಕಿ ಹುಡುಗಿಯರ ಬಾಯಲ್ಲಿವೆ ಎಂಬುದನ್ನು ನಿಮ್ಮ ಬಳಗವೇ ಹೋಗಿ ನೋಡಬಹುದು. ಬಾಯಲ್ಲಿರುವ ಲೆಕ್ಕವನ್ನು ಮೊದಲು ತೆಗೆಯಿರಿ ಎಂದು ನನ್ನ ಬೇಡಿಕೆ.

ಮುಂದಿನ ಬೇಸಗೆಗೆ ನಾವು ಕೆಲವರು ಯಲಬುರ್ಗಾ, ಕುಷ್ಟಗಿಯ ಕಡೆಯ ನಾಲ್ಕಾರು ಊರುಗಳಲ್ಲಿ ಮಳೆಗೆ ಮುನ್ನ ಆಟ ಹಚ್ಚಿಸಬೇಕೆಂದಿದ್ದೇವೆ. ವೇದಿಕೆ, ಹಾರ, ಭಾಷಣ ಯಾವುದೂ ಇಲ್ಲ. ಮೊದಲಿನಂತೆ ಊರವರದೇ ವಂತಿಗೆ, ಕಲಾವಿದರಿಗೆ ಮಾತಾಡಿದಷ್ಟು ಹಣ ಮುಂಗಡವಾಗಿ, ಇಡೀ ರಾತ್ರಿ ವಿರಾಟಪರ್ವ. ನಿಮ್ಮಲ್ಲಿ ಬರಬಯಸುವವರು ಹೊದೆಯಲೊಂದು ಕಂಬಳಿ ತನ್ನಿರಿ. ಬಯಲಿನಲ್ಲಿ ಬೆಳಗಿನ ಜಾವ ಬೇಸಗೆಯಲ್ಲೂ ಚಳಿಯಿರುತ್ತದೆ.